ಕಿಟಕಿ, ಮರ ಮತ್ತು ಮಿದುಳು

ಒಂದು ಕಾದಂಬರಿಯನ್ನೋ ನಾಟಕವನ್ನೋ ಕುರಿತು ‘ಚೆನ್ನಾಗಿದೆ’, ‘ಸಾಲದು’ ಎಂದು ಧೈರ್ಯವಾಗಿ ಹೇಳುವ ನಾವು, ಸಂಶೋಧನ ಪ್ರಬಂಧವೊಂದರ ಮುಂದೆ ಮಾತ್ರ ಕೈಕಟ್ಟಿ ನಿಂತುಬಿಡುತ್ತೇವೆ. ಅರ್ಥವಾಗದ ವಿಷಯವೆಂದು ಪುಟ ತಿರುವುತ್ತೇವೆ. ಇಲ್ಲವೇ, ದೊಡ್ಡವರು ಹೇಳಿದ್ದಾರೆಂದು ತಲೆಯಾಡಿಸುತ್ತೇವೆ. ಆದರೆ ಸಂಶೋಧನ ಪ್ರಬಂಧವೂ ಮನುಷ್ಯರು ಬರೆದ ಬರಹವೇ. ಅದರಲ್ಲಿಯೂ ಕಟ್ಟು ಬಿಗಿಯಾದದ್ದುಂಟು, ಸಡಿಲವಾದದ್ದುಂಟು. ಇದ್ದಷ್ಟೇ ಹೇಳುವವರುಂಟು, ಇಲ್ಲದ್ದನ್ನೂ ಸೇರಿಸಿ ಹೇಳುವವರುಂಟು. ಅದಕ್ಕೂ ವಿಮರ್ಶೆ ಸಲ್ಲಬೇಕು. ಬಿ.ಎಸ್‌ಸಿ. ಓದಿ, ಇಪ್ಪತ್ತು ವರ್ಷಗಳಿಂದ ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತಗಳ ನಡುವೆ ಕುಳಿತಿರುವ ನನ್ನಂಥವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಬರೆದದ್ದಕ್ಕೂ ನಡೆದದ್ದಕ್ಕೂ ನಡುವೆ ಎಷ್ಟು ಅಂತರವಿರಬಲ್ಲದೆಂಬುದು ಗುಮಾಸ್ತನಿಗೆ ಗೊತ್ತು.

ಇಲ್ಲಿ ನಾನು ಎತ್ತಿಕೊಂಡಿರುವುದು ಎರಡು ವಿದ್ಯೆಗಳು ಕೂಡುವ ಜಾಗದಲ್ಲಿ ಹುಟ್ಟಿದ ಕೆಲವು ಸಂಶೋಧನೆಗಳನ್ನು. ಒಂದು, ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್. ಕನ್ನಡದಲ್ಲಿ ಭೂದೃಶ್ಯ ವಿನ್ಯಾಸವೆನ್ನೋಣ. ಮರ, ನೀರು, ದಾರಿ, ಬಯಲು ಇವನ್ನು ಮನುಷ್ಯನ ಬಾಳಿಗೆ ಹೊಂದುವಂತೆ ಏರ್ಪಡಿಸುವ ವಿದ್ಯೆ ಇದು. ಬೆಂಗಳೂರಿನ ಲಾಲ್‌ಬಾಗನ್ನು ಬೆಳೆಸಿದ ಜರ್ಮನಿಯ ಕ್ರುಂಬಿಗಲ್ ಅವರನ್ನು ನೆನೆದರೆ ಅದರ ಸ್ವರೂಪ ನಮ್ಮವರಿಗೆ ತಿಳಿದೀತು. ಇನ್ನೊಂದು, ನರಶಸ್ತ್ರಚಿಕಿತ್ಸೆ, ತಲೆಬುರುಡೆಯನ್ನೋ ಬೆನ್ನುಹುರಿಯ ಗೂಡನ್ನೋ ತೆರೆದು ಕೆಲಸ ಮಾಡುವ ವಿದ್ಯೆ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಿಂದಾಗಿ ಇದರ ಹೆಸರೂ ಕನ್ನಡಿಗರಿಗೆ ಪರಿಚಿತವೇ. ಬೆಂಗಳೂರಿನಲ್ಲಿ ಲಾಲ್‌ಬಾಗಿಗೂ ನಿಮ್ಹಾನ್ಸಿಗೂ ಹೆಚ್ಚು ದೂರವಿಲ್ಲ. ಆದರೆ ವಿದ್ಯೆಯ ಲೋಕದಲ್ಲಿ ಇವೆರಡರ ನಡುವಿನ ದಾರಿ ಬಹಳ ಸುತ್ತು. ಹಸಿರು ಕಂಡರೆ ರೋಗಿ ಬೇಗ ಗುಣವಾಗುತ್ತಾನೆಂದು ಒಂದು ಕಡೆಯವರು ಹೇಳಿದರು. ಮಿದುಳಿನ ರೋಗಿಗಳ ಕಡೆಯಿಂದ ಬಂದ ಲೆಕ್ಕ ಬೇರೆಯೇ ಆಯಿತು. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದು ಈ ಲೇಖನದ ಉದ್ದೇಶ.

ಮೊದಲನೆಯದು ಅತ್ಯಂತ ಪ್ರಸಿದ್ಧವಾದ ಪ್ರಬಂಧ. 1984ರ ಏಪ್ರಿಲಿನಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಬರೆದವರು ಡೆಲವೇರ್ ವಿಶ್ವವಿದ್ಯಾಲಯದ ರೋಜರ್ ಉಲ್ರಿಚ್. ಇವರು ವೈದ್ಯರಲ್ಲ, ಭೂಗೋಳಶಾಸ್ತ್ರದವರು. ಇಡೀ ಪ್ರಬಂಧ ಎರಡೇ ಪುಟಗಳಷ್ಟು. ಪೆನ್ಸಿಲ್ವೇನಿಯದ 200 ಹಾಸಿಗೆಗಳ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಕ್ರಿಯೆಯಾದವರನ್ನು ಇರಿಸುತ್ತಿದ್ದ ಕೋಣೆಗಳಲ್ಲಿ ಕೆಲವಕ್ಕೆ ಕಿಟಕಿಯ ಎದುರು ಮರಗಳ ಗುಂಪಿತ್ತು. ಇನ್ನು ಕೆಲವಕ್ಕೆ ಎದುರಾಗುತ್ತಿದ್ದುದು ಕಂದು ಬಣ್ಣದ ಇಟ್ಟಿಗೆಯ ಗೋಡೆ. ಉಳಿದಂತೆ ಕೋಣೆಗಳು ಹೆಚ್ಚು ಕಡಮೆ ಒಂದೇ ರೀತಿಯವು. ಉಲ್ರಿಚ್ 1972ರಿಂದ 1981ರ ವರೆಗಿನ ದಾಖಲೆಗಳನ್ನು ತೆಗೆದರು. ಮರಗಳಲ್ಲಿ ಎಲೆಯಿರುವ ಕಾಲವೇ ಆಗಬೇಕೆಂದು ಮೇ 1ರಿಂದ ಅಕ್ಟೋಬರ್ 20ರ ನಡುವಿನ ರೋಗಿಗಳನ್ನಷ್ಟೇ ಆರಿಸಿದರು. ಮರ ಕಂಡ ಒಬ್ಬರಿಗೆ ಗೋಡೆ ಕಂಡ ಒಬ್ಬರನ್ನು ಜೋಡಿ ಮಾಡಿದರು. ಗಂಡಸೋ ಹೆಂಗಸೋ, ವಯಸ್ಸೆಷ್ಟು, ಬೀಡಿ ಸಿಗರೇಟಿನ ಅಭ್ಯಾಸವುಂಟೋ, ಮೈ ದಪ್ಪವೋ ಎಂಬುದನ್ನೆಲ್ಲ ಸರಿಹೊಂದಿಸಿದರು. ಹೀಗೆ 23 ಜೋಡಿಗಳು, ಒಟ್ಟು 46 ಜನ.

ಫಲಿತಾಂಶ ಹೀಗಿತ್ತು: ಮರ ಕಂಡವರು ಶಸ್ತ್ರಕ್ರಿಯೆಯ ಅನಂತರ ಸರಾಸರಿ 7.96 ದಿನ ಆಸ್ಪತ್ರೆಯಲ್ಲಿದ್ದರು. ಗೋಡೆ ಕಂಡವರು 8.70 ದಿನ. ‘ಅಳುತ್ತಿದ್ದಾರೆ’, ‘ಸಮಾಧಾನ ಹೇಳಬೇಕಾಯಿತು’ ಎಂಬಂಥ ಬೇಸರದ ಟಿಪ್ಪಣಿಗಳನ್ನು ನರ್ಸುಗಳು ಗೋಡೆಯವರ ಬಗ್ಗೆ ತಲಾ 3.96ರಂತೆ ಬರೆದಿದ್ದರು, ಮರದವರ ಬಗ್ಗೆ 1.13ರಂತೆ. ಎರಡನೆಯ ದಿನದಿಂದ ಐದನೆಯ ದಿನದ ವರೆಗೆ ಗೋಡೆಯವರು ತೀಕ್ಷ್ಣವಾದ ನೋವುನಿವಾರಕಗಳನ್ನು ಹೆಚ್ಚು ಪಡೆದಿದ್ದರು. ಮರದವರಿಗೆ ಸಾಮಾನ್ಯ ಮಾತ್ರೆಗಳೇ ಹೆಚ್ಚಾಗಿ ಸಾಕಾಗಿದ್ದವು.

ಪ್ರಬಂಧದ ಗುಣಗಳನ್ನು ಮೊದಲು ಹೇಳಬೇಕು. ಯಂತ್ರವಿಲ್ಲ, ದುಂದುವೆಚ್ಚವಿಲ್ಲ. ಆಸ್ಪತ್ರೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ದಾಖಲೆಗಳಿಂದಲೇ ಒಂದು ಪ್ರಶ್ನೆಗೆ ಉತ್ತರ ಹುಡುಕಿದ್ದಾರೆ. ದಾಖಲೆಗಳಿಂದ ಮಾಹಿತಿಯನ್ನು ಹೆಕ್ಕಿದ ನರ್ಸಿಗೆ ಯಾವ ರೋಗಿಯ ಕಿಟಕಿಯಿಂದ ಏನು ಕಾಣುತ್ತಿತ್ತೆಂಬುದು ತಿಳಿಯದಂತೆ ನೋಡಿಕೊಂಡಿದ್ದಾರೆ. ಒಂದೊಂದು ಅಂತಸ್ತಿನ ಕೋಣೆಗಳಿಗೆ ಅವೇ ನರ್ಸುಗಳು ಇದ್ದುದರಿಂದ ಆರೈಕೆಯಲ್ಲಿ ಭೇದವಿತ್ತೆಂದು ಹೇಳುವಂತಿಲ್ಲ. ಇದು ಸಣ್ಣದಾದರೂ ಅಚ್ಚುಕಟ್ಟಾದ ಕೆಲಸ.

ಈಗ ಕಡತದ ಕಣ್ಣಿನಿಂದ ನೋಡೋಣ. 8.70ರಲ್ಲಿ 7.96 ಕಳೆದರೆ ಉಳಿಯುವುದು 0.74 ದಿನ, ಅಂದರೆ ಸುಮಾರು 18 ಗಂಟೆ. 23 ಜೋಡಿಗಳಿಗೆ ಒಟ್ಟು ಸೇರಿಸಿದರೆ 17 ದಿನಗಳ ವ್ಯತ್ಯಾಸ. ಇದು ಬರೀ ಆಕಸ್ಮಿಕವಲ್ಲವೆಂದು ಸಂಖ್ಯಾಶಾಸ್ತ್ರದ ಪರೀಕ್ಷೆ ಹೇಳುತ್ತದೆ, ಒಪ್ಪೋಣ. ಆದರೆ ಆಕಸ್ಮಿಕವಲ್ಲದ್ದೆಲ್ಲ ದೊಡ್ಡದೆಂದು ಅರ್ಥವಲ್ಲ. ಅಲ್ಲದೆ ಅದು ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ಪಿತ್ತಕೋಶ ತೆಗೆಯುತ್ತಿದ್ದ ಕಾಲ. 1980ರ ದಶಕದ ಕೊನೆಯಿಂದ ಸಣ್ಣ ರಂಧ್ರಗಳ ಮೂಲಕ ನಡೆಯುವ ಶಸ್ತ್ರಕ್ರಿಯೆ ಬಳಕೆಗೆ ಬಂದ ಮೇಲೆ ಅದೇ ರೋಗಿ ಒಂದೆರಡು ದಿನಗಳಲ್ಲೇ ಮನೆಗೆ ಹೋಗುತ್ತಾನೆ. ಎಂಟು ದಿನ ಕಿಟಕಿ ನೋಡುತ್ತ ಮಲಗುವ ಪ್ರಸಂಗವೇ ಈಗ ಅಪರೂಪ.

ಇನ್ನು ನರ್ಸುಗಳ ಟಿಪ್ಪಣಿ. ಟಿಪ್ಪಣಿಯೆಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಅರ್ಜಿಯ ಮೇಲೆ ಬೆಳಗ್ಗೆ ಹತ್ತೂವರೆಗೆ ಬರೆಯುವ ಷರಾ ಬೇರೆ, ಸಂಜೆ ಐದೂಕಾಲಿಗೆ ಬರೆಯುವ ಷರಾ ಬೇರೆ. ದಾಖಲೆ ಹೆಕ್ಕಿದ ನರ್ಸಿಗೆ ಕಿಟಕಿಯ ವಿಷಯ ಗೊತ್ತಿರಲಿಲ್ಲ, ಸರಿ. ಆದರೆ ಮೂಲದಲ್ಲಿ ಟಿಪ್ಪಣಿ ಬರೆದ ನರ್ಸು ಅದೇ ಕೋಣೆಯಲ್ಲಿ ನಿಂತವಳು. ರೋಗಿಗೆ ಮರ ಕಂಡರೆ ಅವಳಿಗೂ ಮರ ಕಂಡಿತು. ಹಾಗಾದರೆ ‘ಬೇಸರದಲ್ಲಿದ್ದಾರೆ’ ಎಂಬ ಮಾತಿನಲ್ಲಿ ರೋಗಿಯ ಬೇಸರವೆಷ್ಟು, ಬರೆದವಳ ಬೇಸರವೆಷ್ಟು? ಮರವು ನರ್ಸಿನ ಮನಸ್ಸನ್ನು ಹಗುರಮಾಡಿ, ಅದರಿಂದ ರೋಗಿಗೆ ಹಿತವಾಯಿತೆಂದರೂ ಮರಕ್ಕೆ ಸಲ್ಲುವ ಗೌರವ ಕಡಮೆಯಾಗದು. ಆದರೆ ಅದು ಬೇರೆಯೇ ದಾರಿ. ಯಾವ ದಾರಿಯಿಂದ ಬಂತೆಂಬುದನ್ನು ಈ ಪ್ರಬಂಧದಿಂದ ಹೇಳಲಾಗದು.

ಇದೆಲ್ಲ ಉಲ್ರಿಚ್ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಈ ಕಂದು ಗೋಡೆ ವಿಶೇಷವಾಗಿ ನೀರಸವಾದದ್ದು, ಆದ್ದರಿಂದ ಎಲ್ಲ ಕಟ್ಟಡಗಳ ನೋಟಕ್ಕೂ ಈ ಮಾತನ್ನು ಹಿಗ್ಗಿಸಬಾರದು ಎಂದು ಅವರೇ ಎಚ್ಚರಿಸಿದ್ದಾರೆ. ಬೇರೆ ರೀತಿಯ ರೋಗಿಗಳಿಗೂ ಇದು ಹಾಗೆಯೇ ಅನ್ವಯಿಸಲಾರದು, ಬಹುಕಾಲ ಮಲಗಿ ಬೇಸತ್ತವರಿಗೆ ಗಜಿಬಿಜಿಯ ಬೀದಿಯೇ ಹಿತವಾಗಿ ಕಂಡೀತು ಎಂದೂ ಹೇಳಿದ್ದಾರೆ. ಮುಂಬಯಿಯ ಚಾಳಿನ ಮೊಗಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ದಿನವಿಡೀ ಬೀದಿ ನೋಡುವ ನಮ್ಮ ಮುದುಕರನ್ನು ಬಲ್ಲವರಿಗೆ ಈ ಮಾತಿನ ತೂಕ ಗೊತ್ತು.

ದುರಂತವೆಂದರೆ, ಪ್ರಬಂಧ ಊರೂರು ಸುತ್ತಿತು, ಎಚ್ಚರಿಕೆ ಮನೆಯಲ್ಲೇ ಉಳಿಯಿತು. ಆ ಬಳಿಕ ಈ ಎರಡು ಪುಟಗಳನ್ನು ಸಾವಿರಾರು ಬರಹಗಳು ಉಲ್ಲೇಖಿಸಿವೆ. ಆಸ್ಪತ್ರೆಯ ತೋಟಗಳ ಬಗ್ಗೆ, ‘ಗುಣಪಡಿಸುವ ಉದ್ಯಾನ’ಗಳ ಬಗ್ಗೆ ಬರೆಯುವವರೆಲ್ಲ ಇದರಿಂದಲೇ ಶ್ರೀಕಾರ ಹಾಕುತ್ತಾರೆ. ಅನೇಕ ಕಡೆ 46 ಜನರೆಂಬುದೂ ಇಲ್ಲ, ಪಿತ್ತಕೋಶವೆಂಬುದೂ ಇಲ್ಲ, ಇಟ್ಟಿಗೆ ಗೋಡೆಯೂ ಇಲ್ಲ. ‘ಹಸಿರು ನೋಟವು ಶಸ್ತ್ರಕ್ರಿಯೆಯ ರೋಗಿಗಳನ್ನು ಬೇಗ ಗುಣಪಡಿಸುತ್ತದೆಂದು ವಿಜ್ಞಾನ ಸಿದ್ಧಪಡಿಸಿದೆ’ ಎಂಬ ಒಂದು ವಾಕ್ಯ ಮಾತ್ರ ಉಳಿದಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆ ವಿದ್ವಾಂಸರ ಲೋಕದಲ್ಲಿಯೂ ಸುಳ್ಳಾಗಿಲ್ಲ.

ಎರಡನೆಯ ಪ್ರಬಂಧಕ್ಕೆ ಬರೋಣ. ಇದು 2011ರಲ್ಲಿ ‘ಕ್ರಿಟಿಕಲ್ ಕೇರ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹ್ಯಾನಾ ವುನ್ಶ್ ಮತ್ತು ಸಂಗಡಿಗರು ಬರೆದದ್ದು. ನಡೆದದ್ದು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ. ಇಲ್ಲಿಯ ರೋಗಿಗಳು ಪಿತ್ತಕೋಶದವರಲ್ಲ, ಮಿದುಳಿನವರು. ಮಿದುಳನ್ನು ಸುತ್ತುವರಿದ ಪೊರೆಗಳ ಕೆಳಗೆ ರಕ್ತಸ್ರಾವವಾದವರು. ರಕ್ತನಾಳದ ಗೋಡೆ ಒಂದು ಕಡೆ ತೆಳುವಾಗಿ ಗುಳ್ಳೆಯಂತೆ ಉಬ್ಬಿ, ಒಂದು ದಿನ ಒಡೆಯುವುದು ಇದಕ್ಕೆ ಮುಖ್ಯ ಕಾರಣ. ಸಿಡಿಲು ಬಡಿದಂತೆ ತಲೆನೋವು ಬರುತ್ತದೆ. ಅನೇಕರು ಅಲ್ಲಿಯೇ ಕುಸಿಯುತ್ತಾರೆ. ಶಸ್ತ್ರವೈದ್ಯರು ಬುರುಡೆ ತೆರೆದು ಆ ಗುಳ್ಳೆಯ ಕತ್ತಿಗೆ ಲೋಹದ ಕ್ಲಿಪ್ಪು ಹಾಕುತ್ತಾರೆ. 1937ರಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಅಮೆರಿಕದ ನರಶಸ್ತ್ರವೈದ್ಯರು ಆರಂಭಿಸಿದ ಕ್ರಮವಿದು. 1990ರ ದಶಕದಿಂದ, ನಾಳದೊಳಗಿನಿಂದಲೇ ತಂತಿಯ ಸುರುಳಿ ತೂರಿಸಿ ಗುಳ್ಳೆಯನ್ನು ಮುಚ್ಚುವ ಕ್ರಮವೂ ಬಂದಿದೆ. ಹೇಗೆ ಮಾಡಿದರೂ ರೋಗಿ ದಿನಗಟ್ಟಲೆ ತೀವ್ರನಿಗಾ ಘಟಕದಲ್ಲಿರಬೇಕು.

ಆ ಘಟಕದ ಕೆಲವು ಕೋಣೆಗಳಿಗೆ ಕಿಟಕಿಯಿತ್ತು, ಕೆಲವಕ್ಕೆ ಇರಲಿಲ್ಲ. 1997ರಿಂದ 2006ರ ವರೆಗೆ ಅಲ್ಲಿ ಇದ್ದ ಇಂಥ 789 ರೋಗಿಗಳ ಪೈಕಿ 455 ಜನ ಕಿಟಕಿಯ ಕೋಣೆಯಲ್ಲಿದ್ದರು, 334 ಜನ ಕಿಟಕಿಯಿಲ್ಲದ ಕೋಣೆಯಲ್ಲಿ. ರೋಗದ ತೀವ್ರತೆ ಮುಂತಾದವನ್ನು ಲೆಕ್ಕಕ್ಕೆ ಹಿಡಿದು ಹೋಲಿಸಿ ನೋಡಿದರು. ಮನೆಗೆ ಹೋಗುವಾಗ, ಮೂರು ತಿಂಗಳ ಮೇಲೆ, ಒಂದು ವರ್ಷದ ಮೇಲೆ ರೋಗಿ ಎಷ್ಟರಮಟ್ಟಿಗೆ ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲ? ಭೇದವಿಲ್ಲ. ಉಸಿರಾಟದ ಯಂತ್ರದ ಮೇಲೆ ಎಷ್ಟು ದಿನ? ಭೇದವಿಲ್ಲ. ಹೇಳಿದ ಮಾತಿಗೆ ಕೈ ಎತ್ತುವಷ್ಟು ಪ್ರಜ್ಞೆ ಎಷ್ಟು ದಿನಕ್ಕೆ ಬಂತು? ಭೇದವಿಲ್ಲ. ಆಸ್ಪತ್ರೆಯಲ್ಲಿದ್ದ ದಿನಗಳು, ಸಾವು, ಯಾವುದರಲ್ಲಿಯೂ ಭೇದವಿಲ್ಲ.

46 ಜನರ ಅಧ್ಯಯನ ಜಗತ್ಪ್ರಸಿದ್ಧವಾಯಿತು. 789 ಜನರದು ತಜ್ಞರ ವಲಯದಾಚೆ ಹೋಗಲಿಲ್ಲ. ‘ಉಂಟು’ ಎಂದ ಪ್ರಬಂಧಕ್ಕೆ ಇರುವ ರೆಕ್ಕೆ ‘ಇಲ್ಲ’ ಎಂದ ಪ್ರಬಂಧಕ್ಕೆ ಇಲ್ಲ. ಇದು ಈ ಕ್ಷೇತ್ರವೊಂದರದೇ ದೋಷವಲ್ಲ. ನಮ್ಮ ಸ್ವಭಾವವೇ ಹಾಗೆ. ಹರಕೆ ಫಲಿಸಿದ್ದನ್ನು ಹತ್ತು ಜನಕ್ಕೆ ಹೇಳುತ್ತೇವೆ, ಫಲಿಸದ್ದನ್ನು ಹೇಳುವುದಿಲ್ಲ.

ಹಾಗೆಂದು ಎರಡನೆಯ ಪ್ರಬಂಧವನ್ನು ತಲೆಯ ಮೇಲೆ ಹೊರುವುದೂ ಸರಿಯಲ್ಲ. ಅದಕ್ಕೂ ಮಿತಿಯಿದೆ. ಅಲ್ಲಿ ಹೋಲಿಸಿದ್ದು ಕಿಟಕಿಯುಂಟು, ಕಿಟಕಿಯಿಲ್ಲ ಎಂಬುದನ್ನು. ಕಿಟಕಿಯಾಚೆ ಮರವಿತ್ತೇ ಗೋಡೆಯಿತ್ತೇ ಎಂಬುದು ಅಲ್ಲಿಯ ಪ್ರಶ್ನೆಯಲ್ಲ. ಪ್ರಜ್ಞೆಯಿಲ್ಲದೆ, ಬಾಯಲ್ಲಿ ನಳಿಕೆ ಇಟ್ಟುಕೊಂಡು ಅಂಗಾತ ಮಲಗಿದವನ ತಲೆಯ ಹಿಂದೆ ಕಿಟಕಿಯಿದ್ದರೆಷ್ಟು, ಇಲ್ಲದಿದ್ದರೆಷ್ಟು? ಅಳತೆಗೋಲನ್ನೂ ನೋಡಿ. ಅವರು ಬಳಸಿದ ಮುಖ್ಯ ಅಳತೆ ಸೊನ್ನೆಯಿಂದ ಆರರ ವರೆಗಿನದು. ಸೊನ್ನೆಯೆಂದರೆ ಯಾವ ತೊಂದರೆಯೂ ಇಲ್ಲ, ಆರೆಂದರೆ ಸಾವು. ನಡುವೆ ನಡೆಯಬಲ್ಲನೇ, ಸ್ವಂತ ಕೆಲಸ ಮಾಡಿಕೊಳ್ಳಬಲ್ಲನೇ ಎಂಬ ಮೆಟ್ಟಿಲುಗಳು. ನರಶಸ್ತ್ರವೈದ್ಯರಿಗೆ ಅಗತ್ಯವಾದ, ಪ್ರಾಮಾಣಿಕವಾದ ಅಳತೆ. ಆದರೆ ರೋಗಿಗೆ ರಾತ್ರಿ ಭಯವಾಯಿತೇ, ಹಗಲೋ ಇರುಳೋ ತಿಳಿಯದೆ ಒದ್ದಾಡಿದನೇ ಎಂಬುದಕ್ಕೆ ಅದರಲ್ಲಿ ಮೆಟ್ಟಿಲಿಲ್ಲ. ಅಕ್ಕಿ ಅಳೆಯುವ ಸೇರಿನಿಂದ ಹಾಲು ಕೆಟ್ಟಿದೆಯೇ ಎಂದು ಪರೀಕ್ಷಿಸಲಾಗದು.

ಹೀಗೆ, ಒಬ್ಬರು ಮನಸ್ಸಿನ ಹಿತವನ್ನು ಅಳೆದು ದೇಹ ಗುಣವಾಗುತ್ತದೆಂದರು. ಇನ್ನೊಬ್ಬರು ದೇಹದ ಚೇತರಿಕೆಯನ್ನು ಅಳೆದು ಕಿಟಕಿಯಿಂದ ಪ್ರಯೋಜನ ಕಾಣಲಿಲ್ಲವೆಂದರು. ಇವರಿಬ್ಬರ ಮಾತು ಎದುರುಬದುರಾಗಿ ನಿಂತಂತೆ ತೋರಿದರೂ ನಿಜವಾಗಿ ಒಂದನ್ನೊಂದು ಸಂಧಿಸಿಯೇ ಇಲ್ಲ. ನನ್ನ ಮುಖ್ಯ ಆಕ್ಷೇಪಣೆ ಇದೇ.

ಮಧ್ಯದಲ್ಲಿ ನಿಲ್ಲುವ ಇನ್ನೊಂದು ಅಧ್ಯಯನವನ್ನು ಹೆಸರಿಸಬೇಕು. 2005ರಲ್ಲಿ ಪ್ರಕಟವಾದ ಇದು ಪಿಟ್ಸ್‌ಬರ್ಗಿನದು. ಕುತ್ತಿಗೆಯ ಅಥವಾ ಸೊಂಟದ ಬೆನ್ನೆಲುಬಿನ ಶಸ್ತ್ರಕ್ರಿಯೆಯಾದ 89 ಜನರಲ್ಲಿ ಕೆಲವರು ಆಸ್ಪತ್ರೆಯ ಬಿಸಿಲು ಬೀಳುವ ಬದಿಯಲ್ಲಿದ್ದರು, ಉಳಿದವರು ಮಬ್ಬು ಬದಿಯಲ್ಲಿ. ಬಿಸಿಲ ಬದಿಯವರಿಗೆ 46 ಶೇಕಡಾ ಹೆಚ್ಚು ಪ್ರಖರವಾದ ಬೆಳಕು ಸಿಕ್ಕಿತ್ತು. ಅವರು ಗಂಟೆಗೆ 22 ಶೇಕಡಾ ಕಡಮೆ ನೋವುನಿವಾರಕ ತೆಗೆದುಕೊಂಡರು. ಇಲ್ಲಿ ಮರದ ಮಾತೇ ಇಲ್ಲ, ಬೆಳಕೊಂದೇ. ಹಾಗಾದರೆ ಉಲ್ರಿಚ್ ಅವರ ರೋಗಿಗಳಿಗೆ ಹಿತವಾದದ್ದು ಮರವೋ, ಎದುರು ಗೋಡೆ ಅಡ್ಡವಿಲ್ಲದ್ದರಿಂದ ಒಳಗೆ ಬಂದ ಬೆಳಕೋ? ಕಿಟಕಿಯೆಂಬ ಒಂದೇ ಪದದೊಳಗೆ ಬೆಳಕು, ಗಾಳಿ, ನೋಟ, ಹಗಲಿರುಳಿನ ಅರಿವು ಎಲ್ಲವೂ ಅಡಗಿವೆ. ಬೇಳೆ, ಅಕ್ಕಿ, ಕಲ್ಲು ಬೆರೆತ ಮೊರವನ್ನು ಕೇರದೆ ಒಲೆಯ ಮೇಲಿಟ್ಟಂತಾಗಿದೆ.

ಇತ್ತೀಚಿನ ದಶಕಗಳಲ್ಲಿ ಭೂದೃಶ್ಯ ವಿನ್ಯಾಸದವರು ಆಸ್ಪತ್ರೆಯ ದಾಖಲೆಗಳನ್ನು ಬಿಟ್ಟು ನೇರವಾಗಿ ಮಿದುಳಿಗೇ ಕೈಹಾಕಿದ್ದಾರೆ. ಎಡಿನ್‌ಬರೋದ ಸಂಶೋಧಕರ ಒಂದು ಅಧ್ಯಯನ 2013ರಲ್ಲಿ ಹೊರಬಂದು ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. 12 ಮಂದಿ ವಿದ್ಯಾರ್ಥಿಗಳ ತಲೆಗೆ ವಿದ್ಯುತ್ ತರಂಗಗಳನ್ನು ಗುರುತಿಸುವ ಒಂದು ಪಟ್ಟಿ ತೊಡಿಸಿ, ಸುಮಾರು 25 ನಿಮಿಷ ನಡೆಸಿದರು: ಅಂಗಡಿ ಬೀದಿ, ಹಸಿರು ದಾರಿ, ವಾಹನಗಳ ಗದ್ದಲದ ರಸ್ತೆ. ಹಸಿರಿಗೆ ಕಾಲಿಟ್ಟಾಗ ಹತಾಶೆ, ಉದ್ವೇಗ ಇಳಿದು ‘ಧ್ಯಾನ’ ಏರಿತೆಂದು ವರದಿ ಮಾಡಿದರು. ಕೇಳಲು ಸೊಗಸು. ಆದರೆ ಈ ಹತಾಶೆ, ಧ್ಯಾನಗಳೆಂಬ ಅಂಕಿಗಳನ್ನು ಕೊಟ್ಟದ್ದು ಆ ಪಟ್ಟಿ ತಯಾರಿಸಿದ ಕಂಪೆನಿಯ ಲೆಕ್ಕದ ಸೂತ್ರ. ಅದರೊಳಗೆ ಏನಿದೆಯೆಂಬುದು ಓದುಗನಿಗೆ ತೆರೆದಿಟ್ಟ ವಿಷಯವಲ್ಲ. ಕೂದಲು, ಚರ್ಮ, ಎಲುಬು ದಾಟಿ ಬರುವ ತರಂಗ ಮೊದಲೇ ಕ್ಷೀಣ. ನಡೆಯುವಾಗ ಕತ್ತು, ಹಣೆ, ದವಡೆಯ ಸ್ನಾಯುಗಳ ವಿದ್ಯುತ್ತೂ ಅದರಲ್ಲಿ ಬೆರೆಯುತ್ತದೆ. 12 ಜನರ ಅಂಥ ಕಲಬೆರಕೆಗೆ ‘ಧ್ಯಾನ’ವೆಂದು ಹೆಸರಿಟ್ಟರೆ, ಧ್ಯಾನದ ನಾಡಿನವರಾದ ನಾವು ಸ್ವಲ್ಪ ಹುಬ್ಬೇರಿಸಬಹುದು.

ಇದರ ಪಕ್ಕದಲ್ಲಿ ಒಂದು ನರಶಸ್ತ್ರಚಿಕಿತ್ಸಾ ಸಂಶೋಧನೆಯನ್ನಿಡುತ್ತೇನೆ. ಲಾಸ್ ಏಂಜಲೀಸಿನ ನರಶಸ್ತ್ರವೈದ್ಯ ಇಟ್ಜಾಕ್ ಫ್ರೀಡ್ ಮತ್ತು ಸಂಗಡಿಗರು 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಔಷಧಕ್ಕೆ ಬಗ್ಗದ ಮೂರ್ಛೆರೋಗದ 7 ಮಂದಿಗೆ, ರೋಗದ ಮೂಲ ಮಿದುಳಿನ ಯಾವ ಭಾಗದಲ್ಲಿದೆಯೆಂದು ತಿಳಿಯಲು ಮಿದುಳಿನೊಳಗೆ ಸೂಕ್ಷ್ಮ ತಂತಿಗಳನ್ನಿರಿಸಲಾಗಿತ್ತು. ಚಿಕಿತ್ಸೆಗಾಗಿ ಹೇಗೂ ಇಟ್ಟ ತಂತಿಗಳು. ಆ ದಿನಗಳಲ್ಲಿ ಅವರಿಗೆ ಕಂಪ್ಯೂಟರಿನ ಒಂದು ಆಟ ಕೊಟ್ಟರು. ಪರದೆಯ ಮೇಲಿನ ಪುಟ್ಟ ಊರಿನಲ್ಲಿ ಟ್ಯಾಕ್ಸಿ ಓಡಿಸಿ ಪ್ರಯಾಣಿಕರನ್ನು ಅಂಗಡಿಗಳಿಗೆ ಮುಟ್ಟಿಸುವ ಆಟ. ಹಿಪೊಕ್ಯಾಂಪಸ್ ಎಂಬ ಭಾಗದ ಕೆಲವು ಜೀವಕೋಶಗಳು ಊರಿನ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗಷ್ಟೇ ಚುರುಕಾದವು. ಅದರ ನೆರೆಯ ಭಾಗದ ಕೆಲವು ಕೋಶಗಳು ಗುರುತಿನ ಕಟ್ಟಡ ಕಣ್ಣಿಗೆ ಬಿದ್ದಾಗ. ಊರಿನ ಚಿತ್ರ ನಮ್ಮ ಮನಸ್ಸಿನಲ್ಲಿ ನೆಲೆಯಾಗುವುದು ದಾರಿ, ಅಂಚು, ಗುರುತಿನ ಕಟ್ಟಡಗಳಂಥವುಗಳ ಮೂಲಕ ಎಂದು ನಗರ ವಿನ್ಯಾಸದ ಪಂಡಿತ ಕೆವಿನ್ ಲಿಂಚ್ 1960ರಲ್ಲಿಯೇ ಜನರನ್ನು ಕೇಳಿ ಕೇಳಿ ಬರೆದಿದ್ದರು.

ಇಲ್ಲಿಯೂ ಜನ ಕಡಮೆ, ಏಳೇ ಮಂದಿ. ಆದರೆ ಫ್ರೀಡ್ ಮತ್ತವರ ಸಂಗಡಿಗರು ‘ಹೀಗೆ ಊರು ಕಟ್ಟಿದರೆ ಜನ ಸುಖವಾಗಿರುತ್ತಾರೆ’ ಎಂದು ಹೇಳಲಿಲ್ಲ. ಈ ಕೋಶ ಇಲ್ಲಿ ಚುರುಕಾಯಿತು ಎಂದರು, ನಿಲ್ಲಿಸಿದರು. ಕೇಳಿದ ಪ್ರಶ್ನೆ, ಹಿಡಿದ ಉಪಕರಣ, ಕೊಟ್ಟ ಉತ್ತರ ಮೂರೂ ಒಂದೇ ಅಳತೆಯವು. ಸಂಶೋಧನೆಯ ಬೆಲೆ ಜನಸಂಖ್ಯೆಯಲ್ಲಿ ಮಾತ್ರವಿಲ್ಲ, ಈ ಸಂಯಮದಲ್ಲಿಯೂ ಇದೆ.

‘ಇಷ್ಟೆಲ್ಲ ಯಾಕೆ? ಮರ ಕಂಡರೆ ಮನಸ್ಸಿಗೆ ಹಿತವೆಂಬುದಕ್ಕೆ ಸಂಶೋಧನೆ ಬೇಕೆ? ಅಂಗೈ ಹುಣ್ಣಿಗೆ ಕನ್ನಡಿಯೇ?’ ಎಂದು ಓದುಗರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ಇದರಲ್ಲಿ ಅಪಾಯವೊಂದಿದೆ. ಆಸ್ಪತ್ರೆ ಕಟ್ಟುವವನು ಲೆಕ್ಕ ಹಾಕುವವನು. ಅವನೆದುರು ‘ಮರವಿದ್ದರೆ ರೋಗಿ 18 ಗಂಟೆ ಮೊದಲೇ ಮನೆಗೆ ಹೋಗುತ್ತಾನೆ, ಹಾಸಿಗೆ ಖಾಲಿಯಾಗುತ್ತದೆ’ ಎಂದು ವಾದಿಸಿ ಮರಕ್ಕೆ ಜಾಗ ಗಿಟ್ಟಿಸಿದೆವೆನ್ನಿ. ನಾಳೆ ಇನ್ನೊಬ್ಬನು 789 ಜನರ ಪ್ರಬಂಧವನ್ನು ಅದೇ ಮೇಜಿನ ಮೇಲಿಟ್ಟು, ‘ಕಿಟಕಿಯಿಂದ ಏನೂ ಆಗುವುದಿಲ್ಲ, ಅಲ್ಲಿ ವಾಹನ ನಿಲ್ಲಿಸುವ ಜಾಗ ಮಾಡೋಣ’ ಎಂದರೆ ಏನು ಹೇಳುತ್ತೀರಿ? ಮರವನ್ನು ಔಷಧವೆಂದು ಮಾರಿದವರು, ಔಷಧವಲ್ಲವೆಂದು ತೀರ್ಮಾನವಾದ ದಿನ ಕೊಡಲಿಯನ್ನೂ ತಾವೇ ಕೈಗೆ ಕೊಟ್ಟಂತೆ. ಈ ಕ್ಷೇತ್ರದ ಅತ್ಯುತ್ಸಾಹ ಅದರ ಆರಾಧ್ಯ ವಸ್ತುವಿಗೇ ಮುಳುವಾಗಬಲ್ಲದು.

ಅಮೆರಿಕದಲ್ಲಿ ಭೂದೃಶ್ಯ ವಿನ್ಯಾಸದ ಮೂಲಪುರುಷನೆನಿಸಿದ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ಕ್ಯಾಲ್ವರ್ಟ್ ವಾಕ್ಸ್ ಜೊತೆ ರೂಪಿಸಿದ ಫ್ರೆಡ್ರಿಕ್ ಲಾ ಓಮ್‌ಸ್ಟೆಡ್ ಅವರ ಕೊನೆಗಾಲ ಇಲ್ಲಿ ನೆನಪಾಗುತ್ತದೆ. ಮ್ಯಾಸಚೂಸೆಟ್ಸಿನ ಮೆಕ್ಲೀನ್ ಎಂಬ ಮಾನಸಿಕ ಆಸ್ಪತ್ರೆ ಹೊಸ ಜಾಗಕ್ಕೆ ಹೋಗಬೇಕಾದಾಗ ಆ ಜಾಗದ ಬಗ್ಗೆ ಸಲಹೆ ಕೊಟ್ಟವರಲ್ಲಿ ಅವರೂ ಒಬ್ಬರು. ಮುಂದೆ ಮುಪ್ಪಿನಲ್ಲಿ ಅವರಿಗೆ ನೆನಪು ಕೈಕೊಟ್ಟಿತು. 1898ರಲ್ಲಿ ಅದೇ ಆಸ್ಪತ್ರೆಗೆ ರೋಗಿಯಾಗಿ ಸೇರಿದರು. 1903ರಲ್ಲಿ ಅಲ್ಲಿಯೇ ತೀರಿಕೊಂಡರು. ಅಲ್ಲಿಯ ಮರಗಳು ಅವರ ನೆನಪನ್ನು ತಂದುಕೊಡಲಿಲ್ಲ. ಅಷ್ಟಕ್ಕೆ ಆ ಮರಗಳು ವ್ಯರ್ಥವೆಂದು ಯಾರಾದರೂ ಹೇಳಿಯಾರೇ? ಗುಣವಾಗದ ರೋಗಿಗೂ ಒಂದು ಒಳ್ಳೆಯ ಮಧ್ಯಾಹ್ನ ಸಲ್ಲಬೇಕೆಂಬುದಕ್ಕೆ ಅಂಕಿ ಅಂಶಗಳ ಅಪ್ಪಣೆ ಬೇಕಾಗಿಲ್ಲ.

ಕೊನೆಯದಾಗಿ, ಮುಂಬಯಿಯಲ್ಲಿರುವ ನಮಗೆ ಸಂಬಂಧಿಸಿದ ಮಾತು. ಉಲ್ರಿಚ್ ಅವರ ಪ್ರಬಂಧದಲ್ಲಿಯೂ ವುನ್ಶ್ ಅವರ ಪ್ರಬಂಧದಲ್ಲಿಯೂ ಒಬ್ಬರು ಕಾಣೆಯಾಗಿದ್ದಾರೆ: ರೋಗಿಯ ಪಕ್ಕದಲ್ಲಿ ಕುಳಿತವರು. ಅಲ್ಲಿ ನೆಂಟರು ಹೊತ್ತು ನೋಡಿ ಬಂದು ಹೋಗುವವರು. ಆದ್ದರಿಂದ ಲೆಕ್ಕಕ್ಕೆ ಬಂದಿಲ್ಲ. ನಮ್ಮಲ್ಲಿ ಹಾಗಲ್ಲ. ಹುಬ್ಬಳ್ಳಿಯಿಂದಲೋ ಕಾರವಾರದಿಂದಲೋ ಉಡುಪಿಯಿಂದಲೋ ತಲೆಯ ಗಡ್ಡೆಯ ಚಿಕಿತ್ಸೆಗೆಂದು ಒಬ್ಬರು ಬಂದರೆ ಜೊತೆಗೆ ಮೂವರು ಬರುತ್ತಾರೆ. ನಮ್ಮ ಸಂಘದ ಎಷ್ಟೋ ಮನೆಗಳು ಅಂಥವರಿಗೆ ಹಾಸಿಗೆ ಹಾಸಿವೆ, ಡಬ್ಬಿ ಕಟ್ಟಿವೆ, ಸರದಿಯ ಮೇಲೆ ರಾತ್ರಿ ಕಾದಿವೆ. ಒಳಗೆ ಶಸ್ತ್ರಕ್ರಿಯೆ ಆರು ಗಂಟೆ, ಎಂಟು ಗಂಟೆ ನಡೆಯುತ್ತದೆ. ಒಳಗಿರುವವನಿಗೆ ಅರಿವಳಿಕೆಯ ಕೃಪೆಯಿಂದ ಏನೂ ತಿಳಿಯದು; ಹೊರಗಿರುವ ಹೆಂಡತಿಗೆ, ತಮ್ಮನಿಗೆ, ತಾಯಿಗೆ ಪ್ರತಿಯೊಂದು ನಿಮಿಷವೂ ತಿಳಿಯುತ್ತದೆ. ಅವರು ಕೂರುವುದೆಲ್ಲಿ? ಮೆಟ್ಟಿಲ ಮೇಲೆ, ಓಣಿಯ ನೆಲದ ಮೇಲೆ. ಪರೇಲಿನ ಕಡೆ ಹೋದವರು ಆಸ್ಪತ್ರೆಗಳೆದುರಿನ ಕಾಲುದಾರಿಯಲ್ಲಿಯೇ ಬೀಡುಬಿಟ್ಟ ಸಂಸಾರಗಳನ್ನು ನೋಡಿಯೇ ಇರುತ್ತಾರೆ. ಕಿಟಕಿ, ಮರ, ನೆರಳುಗಳ ಅಗತ್ಯ ಯಾರಿಗೆ ಹೆಚ್ಚೆಂದು ನನ್ನನ್ನು ಕೇಳಿದರೆ, ಎಚ್ಚರವಾಗಿರುವ ಇವರಿಗೆ ಎಂದೇ ಹೇಳುತ್ತೇನೆ.

ಆದ್ದರಿಂದ ಭೂದೃಶ್ಯ ವಿನ್ಯಾಸದ ವಿದ್ವಾಂಸರಲ್ಲಿ ನನ್ನ ಬಿನ್ನಹವೆಂದರೆ, ಮಿದುಳಿನ ತರಂಗಗಳ ಹಿಂದೆ ಓಡುವ ಮೊದಲು ಈ ಕಾಯುವವರನ್ನು ಒಮ್ಮೆ ಅಳೆಯಿರಿ. ಎಷ್ಟು ಹೊತ್ತು ಕುಳಿತರು, ನೀರು ಸಿಕ್ಕಿತೇ, ಬೆನ್ನಿಗೆ ಆಸರೆಯಿತ್ತೇ, ಅಳುವುದಕ್ಕೆ ಒಂದು ಮರೆಯಿತ್ತೇ? ಇದಕ್ಕೆ ತಲೆಪಟ್ಟಿ ಬೇಡ. ಒಂದು ನೋಟ್‌ಬುಕ್ಕು, ಕೇಳುವ ತಾಳ್ಮೆ ಸಾಕು. ನರಶಸ್ತ್ರವೈದ್ಯರಲ್ಲಿಯೂ ಒಂದು ಬಿನ್ನಹವಿದೆ. ಸೊನ್ನೆಯಿಂದ ಆರರ ಅಳತೆಯ ಜೊತೆಗೆ, ‘ಎಚ್ಚರವಾದಾಗ ಮೊದಲು ಏನು ಕಂಡಿತು? ಹೆದರಿಕೆಯಾಯಿತೇ?’ ಎಂದು ರೋಗಿಯನ್ನು ಕೇಳಿ ಬರೆದಿಡಿ. ಆಗ ಈ ಎರಡು ವಿದ್ಯೆಗಳು ನಿಜವಾಗಿ ಒಂದನ್ನೊಂದು ಭೇಟಿಯಾದಾವು.

ನಮ್ಮ ಸಂಘದ ಸದಸ್ಯರಲ್ಲಿ ಅನುಕೂಲಸ್ಥರು ಆಸ್ಪತ್ರೆಗಳಿಗೆ ಆಗಾಗ ದಾನ ಕೊಡುವುದುಂಟು. ಹಾಸಿಗೆಗೋ ಯಂತ್ರಕ್ಕೋ ಹೆಸರು ಬರೆಸುವುದು ವಾಡಿಕೆ, ಅದು ಬೇಕಾದದ್ದೇ. ಮುಂದಿನ ಬಾರಿ ಕೊಡುವಾಗ, ಶಸ್ತ್ರಕ್ರಿಯೆಯ ಕೋಣೆಯ ಬಾಗಿಲಿನಿಂದ ಕರೆದರೆ ಕೇಳಿಸುವಷ್ಟು ದೂರದಲ್ಲಿ ಒಂದು ಹೊಂಗೆಯ ಮರ, ಅದರ ಬುಡದಲ್ಲಿ ಒರಗುಬೆನ್ನಿನ ಬೆಂಚು, ಕುಡಿಯುವ ನೀರಿನ ನಲ್ಲಿ ಇವಿಷ್ಟಕ್ಕೆ ಜಾಗ ಕೊಡುತ್ತೀರಾ ಎಂದು ಆಡಳಿತದವರನ್ನು ಕೇಳಿ ನೋಡಬಹುದು. ರೋಗಿ ಎಷ್ಟು ಗಂಟೆ ಮೊದಲು ಗುಣವಾಗುತ್ತಾನೆಂದು ಅವರು ತಿರುಗಿ ಕೇಳಿದರೆ, ಅದು ರೋಗಿಗಾಗಿ ಅಲ್ಲ, ಅವನಿಗಾಗಿ ಕಾಯುವವರಿಗೆಂದು ಹೇಳಿದರಾಯಿತು.